ಮರಳಿನಲ್ಲಿ ಸುಳ್ಯದ ಬಸ್ಸು: ಭರಣಿಗೆ ಕೈ ಹಾಕಿದವರು

“ಕಟ್ಟು ಬಿಚ್ಚಿ ಮಾರಾಯ್ರೆ, ಕೈ ಜೋಮು ಹಿಡಿದು ಹೋಯ್ತು,” ಎಂದು ಉದಯಶಂಕರ ನಾಲ್ಕನೆಯ ಸಲ ಹೇಳಿದ.

“ರೋಟರ್ ಎಲ್ಲಿಟ್ಟಿದ್ದಿ ಹೇಳು, ಬಿಚ್ಚುತ್ತೇನೆ,” ಎಂದು ನಾನೂ ನಾಲ್ಕನೆಯ ಸಲ ಹೇಳಿದೆ.

“ನಂಗೆ ಗೊತ್ತಿದ್ರೆ ಹೇಳುದಿಲ್ವಾ? ನೀರು ಮುಗಿದ್ರೆ ನಿಮ್ಮೊಟ್ಟಿಗೆ ಸಾಯುದು ನಾನು ಕೂಡ ಅಲ್ವಾ?”

ಮಾತು ಸರಿಯಾಗಿಯೇ ಇತ್ತು. ಆದರೆ ಸರಿಯಾದ ಮಾತಾಡುವ ಕಳ್ಳರನ್ನು ನಾನು ಬೇಕಾದಷ್ಟು ಕಂಡವನು. ಮೂವತ್ತೊಂದು ವರ್ಷ ಖಾಕಿ ತೊಟ್ಟು, ಇನ್‌ಸ್ಪೆಕ್ಟರಾಗಿ ನಿವೃತ್ತನಾದ ಮರ್ಕಂಜದ ದೇರಣ್ಣ ಗೌಡನಿಗೆ ತಂತಿ ಕಚೇರಿಯ ಒಬ್ಬ ಗುಮಾಸ್ತ ಬುದ್ಧಿ ಹೇಳಬೇಕಾಗಿಲ್ಲ ಎಂಬ ಕೊಬ್ಬು ಆ ಹೊತ್ತಿಗೆ ನನ್ನಲ್ಲಿ ಧಾರಾಳವಾಗಿತ್ತು.

ಬೆಳಗಿನ ಹನ್ನೊಂದು ಗಂಟೆ. ಬಸ್ಸಿನೊಳಗೆ ಮಾತ್ರ ಮುಸ್ಸಂಜೆಯ ಮಬ್ಬು. ಮರಳುಗಾಳಿ ನಿನ್ನೆ ಮಧ್ಯಾಹ್ನದಿಂದ ಒಂದೇ ಸಮನೆ ಬೀಸುತ್ತಿತ್ತು. ಸುತ್ತಲಿನ ಟರ್ಪಾಲು ಪರದೆಗಳನ್ನೆಲ್ಲ ಎಳೆದು ಕಟ್ಟಿ, ಸಂದುಗಳಿಗೆ ಹಳೆಯ ಸೀರೆ ತುರುಕಿದ್ದೆವು. ಆದರೂ ನಾಲಗೆಯ ಮೇಲೆ ಮರಳು, ಕಣ್ಣಿನ ಕೊನೆಯಲ್ಲಿ ಮರಳು. ಹಿಂದಿನ ಚಕ್ರಗಳು ಅಚ್ಚಿನವರೆಗೆ ಹೂತಿದ್ದವು. ಬಾಗಿಲು ತೆರೆದರೆ ಉಸಿರುಕಟ್ಟುತ್ತದೆ, ಮುಚ್ಚಿದರೆ ಸೆಕೆಯಲ್ಲಿ ಬೇಯುತ್ತೇವೆ. ಸಾಯುವುದಾದರೂ ಹೇಗೆ ಎಂದು ಆರಿಸಿಕೊಳ್ಳುವ ಸೌಲಭ್ಯ ಮಾತ್ರ ಇತ್ತು.

ಈ ಬಸ್ಸು ಹದಿನೆಂಟು ವರ್ಷ ಪುತ್ತೂರು–ಸುಳ್ಯ ಮಾರ್ಗದಲ್ಲಿ ಓಡಿದ್ದು. ಯುದ್ಧಕಾಲದಲ್ಲಿ ಇದ್ದಿಲಿನ ಹೊಗೆಯಲ್ಲೂ ಓಡಿತ್ತು. ನಿವೃತ್ತಿಯಾದ ಮರುತಿಂಗಳೇ ನಾನೂ ಹೆಂಡತಿ ಪೂವಮ್ಮನೂ ಅದನ್ನು ಕೊಂಡು, ಸೀಟು ಕೀಳಿಸಿ, ಮಂಚ ಹಾಕಿಸಿ, ಒಲೆ ಕೂರಿಸಿ, ಮನೆಯನ್ನೇ ಚಕ್ರದ ಮೇಲೆ ಹೊರಡಿಸಿದೆವು. ಊರವರು ನಕ್ಕರು. ಮುಂದಿನ ‘ಸುಳ್ಯ’ ಎಂಬ ಬೋರ್ಡನ್ನು ತೆಗೆಯಲು ಡ್ರೈವರ್ ಅಹ್ಮದ್ ಕುಂಞಿ ಬಿಡಲಿಲ್ಲ. ಜೈಸಲ್ಮೇರಿನ ಒಂಟೆಗಳಿಗೂ ಬಸ್ಸು ಎಲ್ಲಿಯದೆಂದು ಗೊತ್ತಾಗಬೇಕಂತೆ.

ಜೊತೆಗೆ ಬಂದವರು ನನ್ನ ಹಳೆಯ ಗೆಳೆಯ, ಕಾಣಿಯೂರು ಶಾಲೆಯ ನಿವೃತ್ತ ಹೆಡ್‌ಮಾಸ್ಟರು ವೆಂಕಟ್ರಮಣ ಭಟ್ಟರು ಮತ್ತು ಅವರ ಹೆಂಡತಿ ಶಂಕರಿಯಕ್ಕ. ದೇಶ ನೋಡುವುದು ಊರಿಗೆ ಹೇಳಿದ ನೆಪ. ೧೯೪೨ರಲ್ಲಿ ಪೊಲೀಸರಿಂದ ತಪ್ಪಿಸಿಕೊಳ್ಳಲು ಕುಮಾರಧಾರೆಯ ನೆರೆಗೆ ಹಾರಿ ಸತ್ತನೆಂದು ನಾನೇ ಷರಾ ಬರೆದು ಫೈಲು ಮುಚ್ಚಿದ ಶ್ಯಾಮ, ಶಂಕರಿಯಕ್ಕನ ಒಬ್ಬನೇ ತಮ್ಮ, ಜೈಸಲ್ಮೇರಿನಾಚೆಯ ಖಾರಾಸರವೆಂಬ ಹಳ್ಳಿಯಲ್ಲಿ ಬದುಕಿದ್ದಾನೆ, ಕಾಯಿಲೆ ಬಿದ್ದಿದ್ದಾನೆ, ಬೇಗ ಬನ್ನಿ ಎಂದು ಅಲ್ಲಿನ ಮೇಷ್ಟರು ಬರೆದ ಕಾರ್ಡು ಬಂದಿತ್ತು. ಹತ್ತೊಂಬತ್ತು ವರ್ಷದ ಮೇಲೆ ತಮ್ಮನ ಮುಖ ನೋಡುತ್ತೇನೆಂದು ಶಂಕರಿಯಕ್ಕ ಹೊರಟಿದ್ದರು. ಸತ್ತನೆಂದು ನಾನು ಬರೆದವನು ಬದುಕಿರುವುದನ್ನು ನೋಡಿದರೆ ನನ್ನ ಎದೆಯ ಮೇಲಿನ ಕಲ್ಲೂ ಇಳಿಯುತ್ತದೆಂದು ನಾನು ಹೊರಟಿದ್ದೆ.

ಇನ್ನು ಹನ್ನೊಂದು ಮೈಲಿ ಇರುವಾಗ ಬಸ್ಸು ಮರಳಿಗೆ ಸಿಕ್ಕಿತು. ಹಲಗೆ ಕೊಟ್ಟು ಎತ್ತಬಹುದಿತ್ತು. ಆದರೆ ಕುಂಞಿ ಹ್ಯಾಂಡಲ್ ತಿರುಗಿಸಿದರೆ ಎಂಜಿನ್ ಉಸಿರೇ ಎತ್ತಲಿಲ್ಲ. ಬಾನೆಟ್ಟಿನೊಳಗೆ ತಲೆ ಹಾಕಿದವನು ಮುಖ ಕಪ್ಪು ಮಾಡಿಕೊಂಡು ಹೊರಗೆ ಬಂದ.

“ಗೌಡ್ರೆ, ರೋಟರ್ ಇಲ್ಲ!”

ಹೆಬ್ಬೆರಳಿನಷ್ಟು ದೊಡ್ಡ ತುಂಡು. ಅದಿಲ್ಲದಿದ್ದರೆ ಎಂಜಿನ್ನಿಗೆ ಕಿಡಿಯೇ ಹುಟ್ಟುವುದಿಲ್ಲ. ದಾರಿಯುದ್ದಕ್ಕೂ ಬಸ್ಸು ನಿಲ್ಲಿಸಿದಾಗೆಲ್ಲ ಕುಂಞಿ ಅದನ್ನು ಕಿತ್ತು ಕಿಸೆಗೆ ಹಾಕಿಕೊಳ್ಳುತ್ತಿದ್ದ. ‘ಇದು ನನ್ನ ಕಿಸೆಯಲ್ಲಿದ್ರೆ ಲೋಕದ ಯಾವ ಕಳ್ಳನೂ ಬಸ್ಸು ಕೊಂಡೋಗ್ಲಿಕ್ಕಿಲ್ಲ’ ಎಂದು ನಮ್ಮೆಲ್ಲರಿಗೂ ತೋರಿಸಿ ಜಂಬ ಪಟ್ಟಿದ್ದ. ನಿನ್ನೆ ಚಕ್ರದಡಿ ಮರಳು ತೋಡುವ ಗಡಿಬಿಡಿಯಲ್ಲಿ ಕೀಳುವುದು ಮರೆತಿದ್ದ. ಪುತ್ತೂರಿನಿಂದ ತಂದ ಇನ್ನೊಂದು ರೋಟರ್ ಒಂಬತ್ತು ದಿನದ ಹಿಂದೆ ಅಹಮದಾಬಾದಿನಲ್ಲೇ ಕಾಣೆಯಾಗಿತ್ತು. ಅಲ್ಲಿನ ವರ್ಕ್‌ಶಾಪಿನಲ್ಲಿ ಮರೆತು ಬಂದೆನೆಂದು ಅವನು ಇಂದಿಗೂ ತಲೆ ಚಚ್ಚಿಕೊಳ್ಳುತ್ತಿದ್ದ.

ಯಾರು ತೆಗೆದರು? ನನಗೆ ಅರೆಗಳಿಗೆಯೂ ಬೇಕಾಗಲಿಲ್ಲ. ಮೊನ್ನೆ ಪೋಕರಣಿನಲ್ಲಿ, ‘ನೀವು ಸುಳ್ಯದವರಾ?’ ಎಂದು ಬೋರ್ಡು ನೋಡಿ ಓಡಿಬಂದು ಬಸ್ಸು ಹತ್ತಿದವನು ಈ ಉದಯಶಂಕರ. ಪುತ್ತೂರಿನ ಬೊಳುವಾರಿನವನಂತೆ, ಖಾರಾಸರದ ಕಡೆಯ ತಂತಿ ಕಚೇರಿಯಲ್ಲಿ ಕೆಲಸವಂತೆ. ಊರಿನವನೆಂಬ ಒಂದೇ ಮಾತಿಗೆ ನಾವು ಐದೂ ಜನ ಕರಗಿ, ಹೆಸರು ಕೇಳುವ ಮೊದಲೇ ಊಟ ಹಾಕಿದ್ದೆವು. ನಿನ್ನೆ ಅವನ ಬೆರಳಿಗೆ ಗ್ರೀಸ್ ಮೆತ್ತಿತ್ತು. ಚಕ್ರ ತಳ್ಳಿದ್ದಕ್ಕೆ ಎಂದ. ನಾನು ಬಟ್ಟೆ ಒಣಗಿಸುವ ಹಗ್ಗದಿಂದ ಅವನನ್ನು ಮಂಚದ ಕಾಲಿಗೆ ಕಟ್ಟಿದೆ.

“ಗಂಜಿ ಆಯ್ತು,” ಎಂದಳು ಪೂವಮ್ಮ. “ಕಳ್ಳನಿಗೂ ಹಸಿವು ಉಂಟು. ಮೊದಲು ಎಲ್ಲರೂ ಉಣ್ಣಿ.”

ಗಂಜಿಯೆಂದರೆ ಕುಚ್ಚಲಕ್ಕಿ ಬೆಂದ ನೀರು, ಅಗುಳು ಲೆಕ್ಕಕ್ಕೆ ಮಾತ್ರ. ನಮ್ಮ ಎರಡು ಪೀಪಾಯಿಗಳಲ್ಲಿ ಒಂದನ್ನು ರೇಡಿಯೇಟರ್ ಕುಡಿದಿತ್ತು, ಇನ್ನೊಂದನ್ನು ನಾವು. ಉಳಿದದ್ದು ಶಂಕರಿಯಕ್ಕ ಮಡಿಗೆಂದು ಬೇರೆ ಇಟ್ಟಿದ್ದ ತಾಮ್ರದ ಕೊಡಪಾನದಲ್ಲಿ ಅರ್ಧ. ಬೆಳಗಿನಿಂದ ಅವರೇ ಅದನ್ನು ಗಿಂಡಿಯಲ್ಲಿ ಮೊಗೆದು, ಮೇಲಿನಿಂದ ಎಲ್ಲರ ಬೊಗಸೆಗೆ ಹೊಯ್ಯುತ್ತಿದ್ದರು. ಮಡಿಯೂ ಬಿಡಲಿಲ್ಲ, ಕುಂಞಿಯನ್ನೂ ಬಿಡಲಿಲ್ಲ. ಅವರ ಧರ್ಮ ಎಷ್ಟು ಬಿಗಿಯೋ ಮನಸ್ಸು ಅಷ್ಟೇ ಸಡಿಲ.

ಬಸ್ಸಿನ ಹಿಂಬದಿಯ ಮೂಲೆ ಅವರ ಅಡುಗೆಮನೆ. ಗೆರೆ ಎಳೆದಿರಲಿಲ್ಲ, ಒಂದು ಚಾಪೆ ಹಾಸಿತ್ತು. ಆ ಚಾಪೆಯನ್ನು ನಾವು ಯಾರೂ ತುಳಿಯುತ್ತಿರಲಿಲ್ಲ. ನಮ್ಮ ಅಡುಗೆ ಈಚೆ, ಅವರದು ಆಚೆ. ಊರಿನಲ್ಲಿ ಹೇಗೋ ಹಾಗೆ. ಸಾವಿರದ ಇನ್ನೂರು ಮೈಲಿ ದೂರ ಬಂದರೂ ನಾವು ಊರನ್ನು ಬಿಟ್ಟು ಬಂದಿರಲಿಲ್ಲ.

“ಬರಿ ಗಂಜಿ ಗಂಟಲಲ್ಲಿ ಇಳಿಯುದಿಲ್ಲ, ಪೂವಮ್ಮ,” ಎಂದು ಶಂಕರಿಯಕ್ಕ ಎದ್ದರು. “ಸಣ್ಣ ಭರಣಿಯ ಮಿಡಿ ನಿನ್ನೆಗೆ ಮುಗಿಯಿತು. ದೊಡ್ಡದನ್ನು ಬಿಚ್ಚುತ್ತೇನೆ.”

ಅವರು ಒಣ ಬಟ್ಟೆಯಿಂದ ಕೈ ಒರೆಸಿದರು. ಮತ್ತೊಮ್ಮೆ ಒರೆಸಿದರು. ಸೌಟನ್ನೂ ಒರೆಸಿ, ಉಸಿರು ಬಿಗಿಹಿಡಿದು ಭರಣಿಯ ಬಾಯಿಯ ಬಟ್ಟೆ ಬಿಚ್ಚಿದರು.

ಆಮೇಲೆ ಅವರಿಂದ ಹೊರಟ ಸದ್ದು, ಮನೆಯಲ್ಲಿ ಯಾರೋ ತೀರಿಕೊಂಡಾಗ ಹೊರಡುವಂಥದ್ದು.

“ಬೂಷ್ಟು! ಅಯ್ಯೋ ದೇವರೇ, ಇಡೀ ಭರಣಿ ಬೂಷ್ಟು!”

ನನಗೆ ಸಿಟ್ಟು ಬಂತು. “ಶಂಕರಿಯಕ್ಕ, ನೀರಿಲ್ಲದೆ ಸಾಯುವ ಹೊತ್ತಿನಲ್ಲಿ ಉಪ್ಪಿನಕಾಯಿಗೆ ಅಳುದಾ?”

“ನೀವು ಸುಮ್ನಿರಿ,” ಎಂದಳು ಪೂವಮ್ಮ. ಅವಳು ಚಾಪೆಯ ಅಂಚಿನವರೆಗೆ ಹೋಗಿ ಕತ್ತು ಚಾಚಿ ನೋಡಿದಳು. ನನ್ನ ಹೆಂಡತಿ ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ನನ್ನ ನೌಕರಿಯಲ್ಲಿ ನಾನು ಬಿಡಿಸಿದ ಕೇಸುಗಳಲ್ಲಿ ಅರ್ಧ ಬಿಡಿಸಿದವಳು ಅವಳೆಂದು ಇಲಾಖೆಗೆ ಗೊತ್ತಿಲ್ಲ, ನನಗೆ ಗೊತ್ತು.

“ಶಂಕರಿಯಕ್ಕ, ಈ ಭರಣಿಯನ್ನು ನೀವು ಬಿಚ್ಚಿದ್ದು ಯಾವಾಗ?”

“ಈಗಲೇ. ಊರಿಂದ ಹೊರಡುವ ಮೊದಲು ಕಟ್ಟಿದ್ದು, ಮತ್ತೆ ಮುಟ್ಟಿಲ್ಲ.”

“ಹಾಗಾದ್ರೆ ಬೂಷ್ಟು ಹೇಗೆ ಬಂತು?”

“ಒದ್ದೆ ಕೈ!” ಎಂದರು ಶಂಕರಿಯಕ್ಕ. “ಯಾರೋ ಒದ್ದೆ ಕೈ ಹಾಕಿದ್ದಾರೆ. ಮತ್ತೆಂತದು? ನಲ್ವತ್ತು ವರ್ಷದಲ್ಲಿ ನನ್ನ ಭರಣಿಗೆ ಬೂಷ್ಟು ಬಂದದ್ದು ಉಂಟಾ?”

“ಇಷ್ಟು ದಪ್ಪ ಕಟ್ಲಿಕ್ಕೆ ಎಷ್ಟು ದಿನ ಬೇಕು?”

“ಎಂಟು ದಿನ. ಕಮ್ಮಿಯಲ್ಲಿ ಎಂಟು. ನಿಮ್ಗೆ ಗೊತ್ತಿಲ್ವಾ?”

“ನಂಗೆ ಗೊತ್ತುಂಟು. ಇವ್ರಿಗೆ ಗೊತ್ತಾಗ್ಲಿ ಅಂತ ಕೇಳಿದ್ದು,” ಎಂದು ಪೂವಮ್ಮ ನನ್ನ ಕಡೆ ಗಲ್ಲ ಎತ್ತಿದಳು. “ಸೌಟು ತಳದವರೆಗೆ ಇಳಿಸಿ ನೋಡಿ, ಶಂಕರಿಯಕ್ಕ. ಭರಣಿಗೆ ಕೈ ಹಾಕಿದವರು ತಿನ್ಲಿಕ್ಕೆ ಹಾಕಿರ್ಲಿಕ್ಕಿಲ್ಲ.”

ಸೌಟು ಇಳಿಯಿತು. ರಸದೊಳಗೆ ಯಾವುದಕ್ಕೋ ತಗಲಿತು. ಮೇಲೆ ಬಂದದ್ದು ಧೋತ್ರದ ಚೂರಿನಲ್ಲಿ ಸುತ್ತಿದ ಒಂದು ಗಂಟು. ಅದರೊಳಗೆ ಕೆಂಪು ರಸ ಸುರಿಸುತ್ತಾ ಕುಳಿತಿತ್ತು ರೋಟರ್.

ಕುಂಞಿ ಚಾಪೆ ಗೀಪೆ ನೋಡದೆ ಹಾರಿ ಅದನ್ನು ಕಸಿದುಕೊಂಡ. “ಯಾ ಅಲ್ಲಾ! ಇದು ಅಹಮದಾಬಾದಿನಲ್ಲಿ ಕಳೆದುಹೋದದ್ದು! ನಾನು ಮರೆತದ್ದಲ್ಲ, ಗೌಡ್ರೆ, ನಾನು ಮರೆತದ್ದಲ್ಲ!”

ಅವನು ನಗುತ್ತಾ ಅಂಗಿಯ ತುದಿಯಿಂದ ಒರೆಸಿದ. ಒರೆಸುತ್ತಿದ್ದಂತೆ ನಗು ನಿಂತಿತು. ಮೇಲಿನ ಪುಟ್ಟ ಸ್ಪ್ರಿಂಗು ತುಕ್ಕು ಹಿಡಿದು ಅವನ ಬೆರಳಿನಲ್ಲೇ ಪುಡಿಯಾಯಿತು. ಪಿತ್ತಳೆಯ ಎಲೆ ಹಸಿರಾಗಿ ಸೀಳಿತ್ತು.

“ಉಪ್ಪು ತಿಂದುಬಿಟ್ಟಿದೆ,” ಎಂದ. “ಇದು ಇನ್ನು ಉಪ್ಪಿನಕಾಯಿಗೇ ಸೈ, ಎಂಜಿನ್ನಿಗಲ್ಲ.”

ಹೊರಗೆ ಗಾಳಿ ಬಸ್ಸಿನ ತಗಡಿಗೆ ಮರಳನ್ನು ಎರಚುತ್ತಲೇ ಇತ್ತು. ಪೂವಮ್ಮ ತನ್ನ ಎಲೆಯಡಿಕೆಯ ಚೀಲದಿಂದ ಅಡಕತ್ತರಿ ತೆಗೆದು, ನನ್ನ ಅಪ್ಪಣೆಗೂ ಕಾಯದೆ, ಉದಯಶಂಕರನ ಹಗ್ಗವನ್ನು ಕತ್ತರಿಸಿದಳು.

“ಏಯ್, ಎಂತ ಮಾಡುದು ನೀನು?”

“ಎಂಟು ದಿನದ ಹಿಂದೆ ಇವರು ಈ ಬಸ್ಸನ್ನೇ ನೋಡಿಲ್ಲ. ಮೊನ್ನೆ ಹತ್ತಿದವರು. ಬೊಳುವಾರಿನವರನ್ನು ಸುಮ್ನೆ ಕಟ್ಟಿಹಾಕಿದ್ದು ಸಾಕು.” ಅವಳು ಅವನ ಮಣಿಕಟ್ಟು ತಿಕ್ಕುತ್ತಾ ಹೇಳಿದಳು, “ನಮ್ಮ ಬಸ್ಸು ನಿಲ್ಲಿಸ್ಬೇಕು ಅಂತ ಅಹಮದಾಬಾದಿನಲ್ಲೇ ಒಬ್ಬರು ಲೆಕ್ಕ ಹಾಕಿದ್ದಾರೆ. ಅವರು ನಮ್ಮ ಐವರಲ್ಲೇ ಇದ್ದಾರೆ.”

ನನಗೆ ನಾಚಿಕೆಯಾಯಿತು. ಉದಯಶಂಕರನ ಮುಖ ನೋಡಲಾಗಲಿಲ್ಲ. ಆದರೆ ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆ. ಪರವೂರಿನ ಕಳ್ಳನಾದರೆ ಒದ್ದು ಹೊರಗೆ ಹಾಕಬಹುದು. ಮನೆಯೊಳಗಿನ ಕಳ್ಳನ ಜೊತೆ ಅರ್ಧ ಕೊಡಪಾನ ನೀರು ಹಂಚಿಕೊಂಡು ಎಷ್ಟು ದಿನ ಕುಳಿತಿರುವುದು?

“ಆ ಮೂಲೆಗೆ ಹೋಗುದು ಯಾರು?” ಎಂದು ಪೂವಮ್ಮ ಕೇಳಿದಳು. “ನಾನು ಹೋಗುದಿಲ್ಲ. ಇವ್ರು ಹೋಗುದಿಲ್ಲ.”

“ನಾನು ಕಾಲಿಟ್ಟಿದ್ರೆ ಅಮ್ಮ ಇಡೀ ಬಸ್ಸು ತೊಳೆಯುದಿಲ್ವಾ, ಎಂಜಿನ್ ಸಮೇತ?” ಎಂದ ಕುಂಞಿ. ಈಗ ತಾನೇ ಚಾಪೆ ತುಳಿದು ನಿಂತದ್ದು ಅವನಿಗೆ ಆಮೇಲೆ ನೆನಪಾಗಿ, ಮೆಲ್ಲನೆ ಹಿಂದೆ ಸರಿದ.

“ಹೋಗುದು ಶಂಕರಿಯಕ್ಕ. ಅವರು ತಮ್ಮ ಕೈಯನ್ನೇ ಕಡಿದುಕೊಂಡಾರು, ಒದ್ದೆ ಕೈ ಭರಣಿಗೆ ಹಾಕ್ಲಿಕ್ಕಿಲ್ಲ.” ಪೂವಮ್ಮ ಅಡಕತ್ತರಿಯನ್ನು ಚೀಲಕ್ಕೆ ಹಾಕಿದಳು. “ಅಹಮದಾಬಾದಿನಲ್ಲಿ ನಾವೆಲ್ಲ ಪೇಟೆಗೆ ಹೋದದ್ದು. ಕುಂಞಿ ವರ್ಕ್‌ಶಾಪಿಗೆ. ಹೊಳೆಯಲ್ಲಿ ಮಿಂದು ಒದ್ದೆ ಮೈಯಲ್ಲಿ ಬಂದು ಬಸ್ಸಿನಲ್ಲಿ ಜಪಕ್ಕೆ ಕೂತವರು ಒಬ್ಬರೇ.”

ಎಲ್ಲರ ಕಣ್ಣೂ ವೆಂಕಟ್ರಮಣ ಭಟ್ಟರ ಮೇಲೆ ನಿಂತವು. ಅವರು ಕಿಟಕಿಯ ಬಳಿ ಕುಳಿತು ಕನ್ನಡಕದ ಮರಳು ಒರೆಸುತ್ತಿದ್ದರು. ಅರುವತ್ತು ವರ್ಷ ದಿನಕ್ಕೆರಡು ಹೊತ್ತು ಮಿಡಿ ಉಪ್ಪಿನಕಾಯಿ ಉಂಡ ಮನುಷ್ಯ. ಒಂದು ದಿನವಾದರೂ ಸೌಟು ಹಿಡಿದಿದ್ದರೆ ಗೊತ್ತಿರುತ್ತಿತ್ತು. ಬಡಿಸಿದ್ದನ್ನು ಮಾತ್ರ ಉಂಡವರಿಗೆ ಭರಣಿಯ ಕಾನೂನು ಎಲ್ಲಿಂದ ತಿಳಿಯಬೇಕು? ಯಾರೂ ಮುಟ್ಟದ ಜಾಗ ಎಂದು ಅಡಗಿಸಿಟ್ಟರು, ಆ ಜಾಗವೇ ಅವರನ್ನು ಹಿಡಿದುಕೊಟ್ಟಿತು.

“ಕೇಳಿ,” ಎಂದಳು ಪೂವಮ್ಮ ನನಗೆ. “ಪೊಲೀಸಿನವರು ನೀವಲ್ವಾ?”

ನನಗೆ ಕೇಳುವ ಮನಸ್ಸಿರಲಿಲ್ಲ. ಸತ್ಯವಾಗಿ ಹೇಳುತ್ತೇನೆ, ಆ ಬಸ್ಸಿನ ಬಾಗಿಲು ತೆಗೆದು ಗಾಳಿಗೆ ಇಳಿದುಬಿಡೋಣ ಅನ್ನಿಸಿತು.

“ಮಾಷ್ಟ್ರೆ,” ಎಂದೆ. “ಅದು ಅಲ್ಲಿಗೆ ಹೇಗೆ ಹೋಯ್ತು?”

ಭಟ್ಟರು ಕನ್ನಡಕ ಹಾಕಿಕೊಂಡರು. ತೆಗೆದರು. ಮತ್ತೆ ಹಾಕಿಕೊಂಡರು.

“ನಾನೇ ಇಟ್ಟದ್ದು.”

“ಯಾಕೆ?”

“ಬಸ್ಸು ಖಾರಾಸರ ಮುಟ್ಟಬಾರದು ಅಂತ.”

“ಸಾಕು, ಮಾಷ್ಟ್ರೆ,” ಎಂದು ನಾನು ಅವಸರದಿಂದ ಹೇಳಿದೆ. “ಯಾಕೆ ಏನು ಅಂತ ಊರಿಗೆ ಹೋದ ಮೇಲೆ ಮಾತಾಡುವ. ಮೊದಲು ಎಂಜಿನ್ನಿನ ರೋಟರ್ ಕುಂಞಿಗೆ ಕೊಡಿ. ಗಾಳಿ ತಗ್ಗಿದ ಕೂಡಲೇ ಹೊರಡುವ.”

ಪೂವಮ್ಮ ನನ್ನ ಕಡೆ ತಿರುಗಿದಳು. “ಇದೆಂತ ಇದು? ಬಾಯಿ ಬಿಡುವವರ ಬಾಯಿ ಮುಚ್ಚಿಸುದಾ ನೀವು?”

ಪುಣ್ಯಕ್ಕೆ ಭಟ್ಟರೇ ಮಾತಾಡಿದರು.

“ಕೊಡ್ಲಿಕ್ಕೆ ನನ್ನ ಹತ್ರ ಇಲ್ಲ, ದೇರಣ್ಣ. ಇದ್ದದ್ದನ್ನು ಹೇಳ್ತೇನೆ. ಎರಡನ್ನೂ ತೆಗೆಯುವ ಅಂತಲೇ ಇದ್ದೆ. ಒಂದನ್ನು ಭರಣಿಗೆ ಹಾಕಿದೆ. ಇನ್ನೊಂದನ್ನು ಖಾರಾಸರದ ಹತ್ರ ಬಂದಾಗ ತೆಗೆಯುವ ಅಂತ. ನಿನ್ನೆ ನೀವೆಲ್ಲ ಹಲಗೆ ಹಾಕುವಾಗ ಬಾನೆಟ್ಟಿಗೆ ಕೈ ಹಾಕಿದೆ. ಜಾಗ ಖಾಲಿ ಇತ್ತು.” ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟರು. “ನನ್ನ ಪಾಪದ ಕೆಲಸವನ್ನು ದೇವರೇ ಮಾಡಿ ಮುಗಿಸಿದ ಅಂದುಕೊಂಡೆ.”

“ಸುಳ್ಳು!” ಎಂದ ಕುಂಞಿ. ಅವನು ಭಟ್ಟರೆದುರು ಏರು ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ನನ್ನ ಹೆಂಡತಿ ರುಕಿಯಾ ಊರಲ್ಲಿ ದಾರಿ ನೋಡ್ತಿದ್ದಾಳೆ, ಮಾಷ್ಟ್ರೆ. ದೇವರ ಮೇಲೆ ಹಾಕ್ಬೇಡಿ. ದೇವರಿಗೆ ರೋಟರ್ ಯಾಕೆ?”

“ದೇವರಲ್ಲ, ಕುಂಞಿ,” ಎಂದರು ಶಂಕರಿಯಕ್ಕ. “ನಾನು.”

ಅವರು ಸೆರಗಿನ ತುದಿಯ ಗಂಟು ಬಿಚ್ಚಿದರು. ಅಂಗೈಯಲ್ಲಿ ಕಪ್ಪಗೆ, ಒಣಗಿ, ಚೊಕ್ಕವಾಗಿ ಇತ್ತು ಎಂಜಿನ್ನಿನ ರೋಟರ್.

ಕುಂಞಿ ಒಂದು ಹೆಜ್ಜೆ ಮುಂದಿಟ್ಟ. ಶಂಕರಿಯಕ್ಕ ಅಷ್ಟೇ ಚುರುಕಾಗಿ ಬದಿಯ ಪರದೆಯ ಮೂಲೆ ಕಿತ್ತು, ಮುಷ್ಟಿಯನ್ನು ಹೊರಕ್ಕೆ ಚಾಚಿದರು. ಸಂದಿನಿಂದ ಮರಳು ಬುಗ್ಗೆಯಂತೆ ಒಳಗೆ ನುಗ್ಗಿತು.

“ಹತ್ರ ಬರ್ಬೇಡ. ಬಂದ್ರೆ ಬಿಟ್ಟುಬಿಡ್ತೇನೆ. ಈ ಗಾಳಿಯಲ್ಲಿ ಬಿದ್ರೆ ಮತ್ತೆ ಯಾರಿಗೂ ಸಿಗ್ಲಿಕ್ಕಿಲ್ಲ.”

ಕುಂಞಿ ನಿಂತ. ನಾವೆಲ್ಲರೂ ನಿಂತೆವು. ನಲವತ್ತು ವರ್ಷ ಗಂಡನೆದುರು ಕುಳಿತು ಮಾತಾಡದ ಹೆಂಗಸು, ನಮ್ಮ ಆರು ಜೀವಗಳನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು.

“ಒಂದು ಗಂಟೆ ನಿಲ್ಲಿಸುವ ಅಂತ ತೆಗೆದದ್ದು,” ಎಂದರು ಅವರು. “ಗಾಳಿ ಬರ್ತದೆ ಅಂತ ನಂಗೆಂತ ಗೊತ್ತು? ಇವರನ್ನು ಕಟ್ಟಿಹಾಕುವಾಗಲೇ ಹೇಳ್ಬೇಕಿತ್ತು, ನನ್ನದು ತಪ್ಪು. ಬಾಯಿ ಬರ್ಲಿಲ್ಲ.” ಉದಯಶಂಕರನ ಕಡೆ ತಲೆ ಬಾಗಿಸಿ, ಮತ್ತೆ ಗಂಡನ ಕಡೆ ತಿರುಗಿದರು. “ನೀವು ಹೇಳಿ. ಬಸ್ಸು ಯಾಕೆ ಮುಟ್ಟಬಾರದು?”

“ಶಂಕರೀ, ಕೈ ಒಳಗೆ ತೆಗೆ.”

“ಹೇಳಿ.”

“ಇವರೆಲ್ಲರ ಎದುರು ಬೇಡ.”

“ಎದುರೇ ಆಗ್ಬೇಕು. ಊರಲ್ಲಿ ಕೇಳುವ ಅಂತ ಎಷ್ಟು ಸಲ ಬಂದೆ ನಾನು? ಬಾಯಿ ತೆರೆದ್ರೆ ನೀವು ತೋಟಕ್ಕೆ ಹೋಗ್ತಿದ್ದಿರಿ. ಶಾಲೆಗೆ ಹೋಗ್ತಿದ್ದಿರಿ. ಪೂಜೆಗೆ ಕೂತುಬಿಡ್ತಿದ್ದಿರಿ. ಇಲ್ಲಿ ಎಲ್ಲಿಗೆ ಹೋಗ್ತೀರಿ? ಬಾಗಿಲು ತೆಗೀರಿ ನೋಡುವ.”

ಭಟ್ಟರು ಬಾಗಿಲ ಕಡೆ ನೋಡಿದರು. ನಿಜವಾಗಿಯೂ ನೋಡಿದರು. ನನ್ನ ಗೆಳೆಯ ಅಷ್ಟು ಸಣ್ಣವರಾಗಿ ಕಂಡದ್ದು ಅದೇ ಮೊದಲು, ನನಗೆ ಅಳು ಬಂತು.

“ಪೊಲೀಸರಿಗೆ ಮೂಕರ್ಜಿ ಬರೆದದ್ದು ನಾನು,” ಎಂದರು.

ಸಹಿಯಿಲ್ಲದೆ ಠಾಣೆಗೆ ಬರುವ ಕಾಗದಕ್ಕೆ ನಮ್ಮಲ್ಲಿ ಮೂಕರ್ಜಿ ಎನ್ನುತ್ತಾರೆ. ಆ ಆಗಸ್ಟಿನಲ್ಲಿ ಅಂಥದೊಂದು ಪುತ್ತೂರು ಠಾಣೆಗೆ ಬಂದಿತ್ತು. ತಂತಿ ಕಡಿದು ತಲೆತಪ್ಪಿಸಿಕೊಂಡ ಶ್ಯಾಮ ಕಾಣಿಯೂರಿನ ಭಟ್ಟರ ಮನೆಯ ಅಟ್ಟದಲ್ಲಿದ್ದಾನೆ ಎಂದಷ್ಟೇ ಅದರಲ್ಲಿತ್ತು. ಆಗಿನ ಸಬ್ ಇನ್‌ಸ್ಪೆಕ್ಟರ್ ನಾನು. ನಾನೇ ಆರು ಜನರನ್ನು ಕರೆದುಕೊಂಡು ಹೋದದ್ದು.

“ನಂಗೆ ನೋಟೀಸು ಬಂದಿತ್ತು, ಶಂಕರೀ. ಮನೆಯಲ್ಲಿ ಅವನು ಸಿಕ್ಕಿದ್ರೆ ಮಾಷ್ಟ್ರಿಕೆ ಹೋಗ್ತದೆ, ನನ್ನನ್ನೂ ಒಳಗೆ ಹಾಕ್ತಾರೆ. ನಿಂಗೆ ಆಗ ಏಳು ತಿಂಗಳು. ಮೂರು ತಿಂಗಳು ಕಣ್ಣೂರು ಜೈಲಿನಲ್ಲಿ ಕೂತು ಬರ್ತಾನೆ, ಅಷ್ಟೇ ಅಂದುಕೊಂಡೆ. ಬೇರೆಯವರೆಲ್ಲ ಹೋಗಿ ಬರ್ಲಿಲ್ವಾ? ಅವನು ಹೊಳೆಗೆ ಹಾರ್ತಾನೆ ಅಂತ…” ಅಂಗೈಯಿಂದ ಮುಖ ಮುಚ್ಚಿಕೊಂಡರು.

ಪೂವಮ್ಮ ‘ಅಯ್ಯೋ’ ಎಂದಳು. ಶಂಕರಿಯಕ್ಕ ಮಾತ್ರ ಅಲುಗಲಿಲ್ಲ.

“ನಂಗೆ ಗೊತ್ತಿತ್ತು,” ಎಂದರು. “ಅಟ್ಟದಲ್ಲಿ ಅವನು ಇದ್ದದ್ದು ಗೊತ್ತಿದ್ದವರು ಇಬ್ಬರೇ. ಒಬ್ಬಳು ನಾನು. ಹತ್ತೊಂಬತ್ತು ವರ್ಷ ನಿಮ್ಗೆ ಬಡಿಸಿದ್ದೇನೆ, ಒಂದು ಹೊತ್ತೂ ತಪ್ಪಿಸಲಿಲ್ಲ. ನಿಮ್ಮ ಬಾಯಿಂದ ಕೇಳದೆ ತಮ್ಮನ ಮುಖ ನೋಡ್ಲಿಕ್ಕೆ ನನ್ನಿಂದ ಆಗ್ತಿರ್ಲಿಲ್ಲ, ಅದಕ್ಕೆ ಬಸ್ಸು ನಿಲ್ಲಿಸಿದೆ.”

“ಕೇಳಿ ಆಯ್ತಲ್ಲ, ಅಮ್ಮ,” ಎಂದ ಕುಂಞಿ, ಮಗುವನ್ನು ರಮಿಸುವ ದನಿಯಲ್ಲಿ. “ಇನ್ನು ಅದನ್ನು ಕೊಡಿ. ಗಾಳಿ ಸ್ವಲ್ಪ ತಗ್ಗಿದ್ರೆ ಸಂಜೆಯೊಳಗೆ ನಿಮ್ಮ ತಮ್ಮನ ಹತ್ರ ಇಳಿಸ್ತೇನೆ. ನನ್ನ ಮಾತು.”

“ಕೊಡ್ತೇನೆ. ಇನ್ನೊಬ್ಬರನ್ನು ಕೇಳ್ಲಿಕ್ಕೆ ಉಂಟು.”

ಅವರು ನನ್ನ ಕಡೆ ತಿರುಗಿದರು.

“ಗೌಡ್ರೆ, ನಿಮ್ಮ ಠಾಣೆಗೆ ಬರುವ ಅರ್ಜಿಯಲ್ಲಿ ಅರ್ಧ ಬರೆದುಕೊಡ್ತಿದ್ದದ್ದು ಇವರೇ. ಗದ್ದೆಯ ಜಗಳ, ದನ ಹೊಕ್ಕಿದ್ದು, ಎಲ್ಲದಕ್ಕೂ ಜನ ನಮ್ಮ ಜಗಲಿಗೇ ಬರುದು. ಇವರ ಅಕ್ಷರ ನೀವು ವಾರ ವಾರ ನೋಡಿದವರು. ಆ ಮೂಕರ್ಜಿ ಓದಿದಾಗ ಅಕ್ಷರ ಯಾರದ್ದು ಅಂತ ನಿಮ್ಗೆ ಗೊತ್ತಾಯ್ತಾ, ಇಲ್ವಾ?”

ಭಟ್ಟರು ಮುಖದಿಂದ ಕೈ ತೆಗೆದು ನನ್ನನ್ನೇ ನೋಡಿದರು. ಅವರಿಗೂ ಇದು ಗೊತ್ತಿರಲಿಲ್ಲ. ತನ್ನ ಗುಟ್ಟು ತನ್ನೊಬ್ಬನದೆಂದು ಹತ್ತೊಂಬತ್ತು ವರ್ಷ ನನ್ನ ಜಗಲಿಯಲ್ಲಿ ಕುಳಿತು ಎಲೆಯಡಿಕೆ ಹಾಕಿದವರು ಅವರು.

‘ಇಲ್ಲ’ ಎನ್ನುವುದು ಎಷ್ಟು ಸುಲಭವಿತ್ತು! ಅಕ್ಷರ ತಿರುಚಿ ಬರೆದಿತ್ತು, ಮಸಿ ಚೆಲ್ಲಿತ್ತು, ಮಬ್ಬು ದೀಪ, ಎಷ್ಟು ಬೇಕಾದರೂ ಹೇಳಬಹುದಿತ್ತು. ಕೋರ್ಟಿನ ಕಟಕಟೆಯಲ್ಲಿ ಇದಕ್ಕಿಂತ ದೊಡ್ಡ ಸುಳ್ಳನ್ನು ಬೆವರದೆ ಹೇಳಿದ್ದೇನೆ. ಆದರೆ ಪೂವಮ್ಮ ನನ್ನ ಮುಖ ನೋಡುತ್ತಿದ್ದಳು. ಈ ಪ್ರಶ್ನೆಯನ್ನು ಅವಳು ಆ ಕಾಲದಲ್ಲೇ ಕೇಳಿದ್ದಳು. ಆಗ ಅವಳಿಗೆ ನಾನು ‘ಇಲ್ಲ’ ಎಂದಿದ್ದೆ.

“ನಿಜ ಹೇಳಿ,” ಎಂದರು ಶಂಕರಿಯಕ್ಕ. ಹೊರಗೆ ಚಾಚಿದ ಅವರ ತೋಳು ಗಾಳಿಯ ಹೊಡೆತಕ್ಕೆ ನಡುಗುತ್ತಿತ್ತು. “ನಿಜ ಹೇಳಿದ್ರೆ ಇದು ಕುಂಞಿಯ ಕೈಗೆ.”

“ಗೊತ್ತಿತ್ತು,” ಎಂದೆ. “ಮೊದಲ ಸಾಲಿಗೇ ಗೊತ್ತಾಯ್ತು, ಶಂಕರಿಯಕ್ಕ. ಓದಿದ ಮೇಲೆ ಅದನ್ನು ನಾನೇ ಸುಟ್ಟೆ.”

ಪೂವಮ್ಮ ನನ್ನಿಂದ ಒಂದು ಹೆಜ್ಜೆ ದೂರ ಸರಿದಳು. ಅದೇ ಗಳಿಗೆಗೆ ಗಾಳಿ ಒಮ್ಮೆ ಗುಮ್ಮೆಂದು ಅಪ್ಪಳಿಸಿ ಇಡೀ ಪರದೆಯನ್ನೇ ಒಳಕ್ಕೆ ತಳ್ಳಿತು, ಬಸ್ಸು ವಾಲಿತು, ಹೊರಗೆ ಚಾಚಿದ ಶಂಕರಿಯಕ್ಕನ ಮುಷ್ಟಿ ತಗಡಿಗೆ ಬಡಿದು ಒಮ್ಮೆ ಬಿಚ್ಚಿ ಮತ್ತೆ ಬಿಗಿಯಿತು, ಕೊಡಪಾನ ಉರುಳದಂತೆ ಉದಯಶಂಕರ ಅದನ್ನು ಎರಡೂ ಕೈಯಿಂದ ತಬ್ಬಿ ಹಿಡಿದ.

ಕುಂಞಿ ಬೊಗಸೆ ಚಾಚಿದ. ಶಂಕರಿಯಕ್ಕ ಕೊಟ್ಟ ಮಾತಿನಂತೆ ಕೈಯನ್ನು ಒಳಗೆ ತಂದು, ಅವನ ಬೊಗಸೆಯ ಮೇಲೆ ಬೆರಳು ಬಿಚ್ಚಿದರು. ಬಿದ್ದದ್ದು ಒಂದು ಹಿಡಿ ಮರಳು.